ಬಾಲದೊಳಗಿನ ರಿವೆಟ್ಟು

ನಾಲ್ಕು ರಿವೆಟ್ಟು ಬಾಯಿಗೆ ಹೋಗಿದ್ದವು, ಮೂರು ಹೊರಗೆ ಬಂದಿದ್ದವು. ಅಕ್ಕನ ನೆಮ್ಮದಿ ಕೆಟ್ಟದ್ದು ಇಷ್ಟಕ್ಕೇ.

ಅವಳು ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವಳು. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ಎಷ್ಟು ಕಚ್ಚಿದೆ, ಎಷ್ಟು ಉಳಿಯಿತು ಎಂಬುದನ್ನು ನಾಲಿಗೆಯೇ ಎಣಿಸಿಕೊಳ್ಳುತ್ತಿತ್ತು. ತಮ್ಮನ ಗ್ಯಾರೇಜಿಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಸೂಜಿಯ ಜಾಗಕ್ಕೆ ತಗಡು ಬೆಸೆಯುವ ಸಣ್ಣ ಮೊಳೆ, ರಿವೆಟ್ಟು ಬಂತು, ಬಾಯಿ ಅದೇ ಇತ್ತು.

"ಅಕ್ಕ, ಅದೇನು ಕಡ್ಲೆಕಾಯಾ? ತಟ್ಟೇಲಿ ಇಟ್ಕೊ ಅಂತ ಎಷ್ಟು ಸಲ ಹೇಳ್ಲಿ?" ಎಂದು ತಮ್ಮ ಗೊಣಗುತ್ತಿದ್ದ. ಬಾಯಿ ತುಂಬಿರುವಾಗ ಉತ್ತರ ಕೊಡುವುದಕ್ಕೆ ಆಗುವುದಿಲ್ಲ; ಅದೂ ಅವಳಿಗೆ ಅನುಕೂಲವೇ ಆಗಿತ್ತು.

ತಮ್ಮ ಲಿಫ್ಟ್ ರಿಪೇರಿಯವನು. ನಿವೃತ್ತನಾದ ಮರುವಾರವೇ ಕಾರನ್ನು ಬೀದಿಗೆ ತಳ್ಳಿ, ಗ್ಯಾರೇಜಿನಲ್ಲಿ ಎರಡು ಸೀಟಿನ ವಿಮಾನ ಕಟ್ಟಲು ಕೂತ. ಜೀವಮಾನವೆಲ್ಲ ಮೇಲೆ ಕೆಳಗೆ ಓಡಾಡಿದವನಿಗೆ ಈಗ ಮುಂದಕ್ಕೂ ಹೋಗುವ ಹುಚ್ಚು ಹಿಡಿದಿದೆ ಎಂದು ಬೀದಿಯವರು ನಕ್ಕರು. ನಗಲಿ ಬಿಡಿ. ಆದರೆ ಡಾಕ್ಟರು ಅವನ ಕಣ್ಣು ನೋಡಿ, ವಿಮಾನ ಹಾರಿಸುವ ಆಸೆ ಬಿಡಿ ಎಂದಾಗ ಯಾರೂ ನಗಲಿಲ್ಲ. ಮಗಳು ಮಾತ್ರ, "ನೀನು ಕಟ್ಟು, ನಾನು ಹಾರಿಸ್ತೀನಿ" ಅಂದಳು. ಅವಳು ಬೇರೆಯವರಿಗೆ ವಿಮಾನ ಹಾರಿಸಲು ಕಲಿಸುವವಳು. ಸುಮ್ಮನೆ ಆಡಿದ ಮಾತಲ್ಲ. ಮೂರು ವರ್ಷದ ಮಗುವಾಗಿದ್ದಾಗ ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅತ್ತೆ, ಅಂದರೆ ಈ ಅಕ್ಕನೇ. ಮೊದಲ ಸ್ಕೂಲ್ ಯೂನಿಫಾರ್ಮಿನಿಂದ ಹಿಡಿದು ಪೈಲಟ್ ಅಂಗಿಯವರೆಗೆ ಹೊಲಿದದ್ದೂ ಅವಳೇ.

ವಿಮಾನದ ಕೆಲಸ ಬಾಲದಿಂದ ಶುರುವಾಗುತ್ತದೆ. ಬಾಲದ ಅಡ್ಡರೆಕ್ಕೆ ಎಂದರೆ ಆಳುದ್ದಕ್ಕಿಂತ ತುಸು ಉದ್ದದ ಅಲ್ಯುಮಿನಿಯಂ ಪೆಟ್ಟಿಗೆ, ಒಳಗೆ ಪಕ್ಕೆಲುಬಿನಂಥ ಪಟ್ಟಿಗಳು, ಮೇಲೆ ಕಾಗದದಷ್ಟು ತೆಳ್ಳಗಿನ ತಗಡು. ರಿವೆಟ್ ಹೊಡೆಯಲು ಇಬ್ಬರು ಬೇಕು: ಒಬ್ಬರು ಹೊರಗಿನಿಂದ ಗನ್ ಒತ್ತಬೇಕು, ಇನ್ನೊಬ್ಬರು ಒಳಗಿನಿಂದ ಉಕ್ಕಿನ ಗಟ್ಟಿ ಆನಿಸಿ ಹಿಡಿಯಬೇಕು. ಮೊದಲ ಸಲ ತಮ್ಮ ಯಾರ್ಯಾರನ್ನೋ ಕರೆದು ಮಾಡಿಸಿ, ತಗಡೆಲ್ಲ ತಗ್ಗು ಬಿದ್ದು, ಇಡೀ ಅಡ್ಡರೆಕ್ಕೆ ಗುಜರಿಗೆ ಹೋಯಿತು. ಆರು ತಿಂಗಳು ಗ್ಯಾರೇಜಿಗೆ ಬೀಗ ಹಾಕಿ, ಸೋಫಾದ ಮೇಲೆ ಗೋಡೆ ನೋಡುತ್ತ ಬಿದ್ದಿದ್ದ. ಆಗ ಅಕ್ಕ ತಾನೇ ಬಂದು ಕೈ ತೋರಿಸಿದಳು. ಸಣ್ಣ ಕೈ, ನಡುಗದ ಕೈ, ಎಂಥ ಸಂದಿಗೂ ಮೊಣಕೈವರೆಗೆ ಇಳಿಯುವ ಕೈ.

"ಇದೂ ಕೆಟ್ರೆ ಮುಗೀತು ಅಕ್ಕ. ಇನ್ನು ಮುಟ್ಟಲ್ಲ," ಎಂದಿದ್ದ ತಮ್ಮ.

ನಾಲ್ಕು ತಿಂಗಳು ಒಂದು ತಗ್ಗೂ ಬೀಳಲಿಲ್ಲ. ಕಳೆದ ಸೋಮವಾರ ತುದಿಯ ಕೊನೆಯ ಪಕ್ಕೆಲುಬು ಕೂರಿಸುವ ಮುನ್ನ, ಅಕ್ಕ ಸಂದಿಗೆ ಮುಖ ಆನಿಸಿ, ಕೈ ಒಳಗಿಳಿಸಿ ನಿಂತಿದ್ದಾಗ ತಮ್ಮನಿಗೆ ಮಾತು ಬಂತು. "ಲಿಫ್ಟ್ ಹತ್ತೋರನ್ನ ನೋಡಿದೀಯಾ ಅಕ್ಕ? ಎಲ್ಲರೂ ಸಾವಿನ ಮನೆಗೆ ಬಂದೋರ ಥರ ನೆತ್ತಿ ಮೇಲಿನ ನಂಬರ್ ನೋಡ್ತಾ ನಿಂತಿರ್ತಾರೆ. ಮೂರನೇ ನಂಬರ್ ಬಂದ ಕೂಡ್ಲೆ ಯಾರೋ ಬದುಕಿ ಬಂದ ಹಾಗೆ ಉಸಿರು ಬಿಡ್ತಾರೆ!" ಅಕ್ಕನಿಗೆ ತಡೆಯಲಾಗದ ನಗು ಬಂತು. ನಕ್ಕಳು. ಆಮೇಲೆ ಮೂರು ರಿವೆಟ್ಟು ಹೊಡೆದರು, ಬಾಯಿ ಖಾಲಿಯಾಯಿತು. ನಾಲಿಗೆ ಇನ್ನೊಂದನ್ನು ಹುಡುಕುತ್ತಲೇ ಇತ್ತು. ಅಷ್ಟರಲ್ಲಿ ತಮ್ಮ ಪಕ್ಕೆಲುಬು ಕೂರಿಸಿ, ಪೆಟ್ಟಿಗೆಯ ಬಾಯಿ ಮುಚ್ಚಿಯೂ ಆಗಿತ್ತು.

ನುಂಗಿರಬೇಕು ಎಂದುಕೊಂಡಳು. ಎರಡು ದಿನ ಹೊಟ್ಟೆ ಸವರಿಕೊಂಡು, ನುಂಗಿದ್ದೇ ಆಗಿರಲಿ ಎಂದು ಬೇಡಿಕೊಂಡಳು. ರಿವೆಟ್ಟು ನುಂಗಿದೆನಲ್ಲಾ ಎಂದು ಸಂತೋಷಪಟ್ಟ ಹೆಂಗಸು ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. ಬುಧವಾರ ಅಡ್ಡರೆಕ್ಕೆಯನ್ನು ಗೋಡೆಯ ಕೊಕ್ಕೆಗೆ ಏರಿಸಲು ಇಬ್ಬರೂ ಎತ್ತಿದಾಗ ಒಳಗಿನಿಂದ ಟಿಕ್ ಎಂದಿತು. ಅದೇ ಹೊತ್ತಿಗೆ ತಮ್ಮನಿಗೆ ಕೆಮ್ಮು ಬಂತು, ಜೋರು ಕೆಮ್ಮು. ಅವನಿಗೆ ಕೇಳಿಸಲಿಲ್ಲ, ಬದುಕಿದೆ ಎಂದುಕೊಂಡಳು. ಆ ಯೋಚನೆಗೆ ತಾನೇ ನಾಚಿದಳು.

ಅಡ್ಡರೆಕ್ಕೆಯ ಹಿಂದಂಚಿಗೆ ಕೀಲಿನ ಮೇಲೆ ಆಡುವ ಪಟ್ಟಿಯೊಂದು ಬರುತ್ತದೆ. ವಿಮಾನದ ಮೂಗು ಮೇಲೇಳುವುದು, ಕೆಳಗಿಳಿಯುವುದು ಅದರಿಂದ. ಕೀಲಿನ ಹತ್ತಿರ ತೂಕ ಇಳಿಸಲು ಕೊರೆದ ಸಣ್ಣ ತೂತುಗಳಿವೆ. ಕಿರುಬೆರಳು ಹೋಗುವುದಿಲ್ಲ, ರಿವೆಟ್ಟು ಹೋಗುತ್ತದೆ. ಜಾರಿ ಹೊರಬಂದು ಕೀಲಿಗೆ ಸಿಕ್ಕಿಕೊಂಡರೆ ಮೂಗು ಕೆಳಗಾದದ್ದು ಕೆಳಗೇ. ಇದನ್ನೆಲ್ಲ ತಮ್ಮನೇ ಪಾಠ ಹೇಳಿದ ಹಾಗೆ ಹೇಳಿದ್ದ. ಆಗ ಕೇಳಿ ಮರೆತಿದ್ದಳು, ಈಗ ಒಂದೊಂದು ಅಕ್ಷರವೂ ನೆನಪಿಗೆ ಬಂತು.

ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಗುರುವಾರ ಒಬ್ಬರ ಕೋಟಿಗೆ ಎಡಗೈ ತೋಳನ್ನು ಬಲಕ್ಕೆ ಹೊಲಿದು, ಬಿಚ್ಚಿ, ಮತ್ತೆ ಬಲಕ್ಕೇ ಹೊಲಿದಳು. ಹೇಳಿಬಿಡೋಣವೆಂದರೆ ಸೋಫಾದ ಮೇಲೆ ಗೋಡೆ ನೋಡುತ್ತಿದ್ದ ತಮ್ಮ ಕಣ್ಣಿಗೆ ಬರುತ್ತಿದ್ದ. ಬೇಡವೆಂದರೆ ಆ ಹುಡುಗಿಯ ಮುಖ ಬರುತ್ತಿತ್ತು. ಬಿಸಿ ತುಪ್ಪ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು.

ಶುಕ್ರವಾರ ಮಧ್ಯಾಹ್ನ ತಮ್ಮ ಬಣ್ಣ ತರಲು ಹೋದಾಗ, ಅಕ್ಕ ತನ್ನ ಸೂಜಿ ಹೆಕ್ಕುವ ಅಯಸ್ಕಾಂತಕ್ಕೆ ದಾರ ಕಟ್ಟಿಕೊಂಡು ಕಳ್ಳಿಯ ಹಾಗೆ ಗ್ಯಾರೇಜಿಗೆ ನುಗ್ಗಿದಳು. ನೆಲಕ್ಕೆ ಬಿದ್ದ ಸೂಜಿಗಳನ್ನು ಕ್ಷಣದಲ್ಲಿ ಬಾಚಿಕೊಳ್ಳುವ ಅಯಸ್ಕಾಂತ ಅದು. ತೂತಿನ ಬಾಯಲ್ಲಿ ಹಿಡಿದು, ಬಾಲವನ್ನು ಆ ಕಡೆ ಈ ಕಡೆ ವಾಲಿಸಿ, ಅರ್ಧ ಗಂಟೆ ಕಾದಳು. ಟಿಕ್ ಟಿಕ್ ಎಂದು ಹತ್ತಿರ ಬರುತ್ತಿತ್ತು, ಅಂಟಿಕೊಳ್ಳದೆ ಹಿಂದಕ್ಕೆ ಉರುಳುತ್ತಿತ್ತು. ಕೊನೆಗೆ ತಟ್ಟೆಯಲ್ಲಿದ್ದ ರಿವೆಟ್ಟಿಗೇ ಅಯಸ್ಕಾಂತ ಮುಟ್ಟಿಸಿ ನೋಡಿದಳು. ಅದು ಮಿಸುಕಲಿಲ್ಲ. ಅಲ್ಯುಮಿನಿಯಂ! ನಾಲ್ಕು ತಿಂಗಳು ಬಾಯಲ್ಲಿಟ್ಟುಕೊಂಡವಳಿಗೆ ಅದು ಕಬ್ಬಿಣವಲ್ಲ ಎಂದು ಹೊಳೆದಿರಲಿಲ್ಲ. ತಲೆ ಚಚ್ಚಿಕೊಂಡು ಹೊರಬಂದಳು.

ತಮ್ಮನೂ ಆ ವಾರ ಸರಿಯಿರಲಿಲ್ಲ. ರೇಡಿಯೋ ಹಾಕಿದರೆ ಸಿಡುಕುವವನು ಈಗ ದಿನವಿಡೀ ಜೋರಾಗಿ ಹಾಕಿಕೊಂಡು ಕೂರುತ್ತಿದ್ದ. ಬಾಲದ ಹತ್ತಿರ ಯಾರಾದರೂ ಹೋದರೆ, "ಮುಟ್ಬೇಡಿ, ಬಣ್ಣ ಒಣಗಿಲ್ಲ" ಎನ್ನುತ್ತಿದ್ದ. ಬಣ್ಣವನ್ನು ಇನ್ನೂ ಹಚ್ಚಿಯೇ ಇರಲಿಲ್ಲ. ಭಾನುವಾರ ವಿಮಾನದ ಕೆಲಸ ಪರೀಕ್ಷಿಸಲು ತಪಾಸಣೆಯವರು ಬರುವ ಗಡಿಬಿಡಿ ಎಂದುಕೊಂಡಳು ಅಕ್ಕ. ಏನು ವಿಷಯ ಎಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಆಗುತ್ತೆ, ನೋಡೋಣ" ಎನ್ನುತ್ತಿದ್ದ.

ಭಾನುವಾರ ಬೆಳಿಗ್ಗೆ ತಪಾಸಣೆಯವರು ಬಂದರು. ಬೋಳುತಲೆ, ಕೈಯಲ್ಲಿ ಸಣ್ಣ ಟಾರ್ಚು, ಮಾತು ಕಡಿಮೆ. ಅವರು ಸಹಿ ಹಾಕಿದರೆ ಬಾಲವನ್ನು ಒಡಲಿಗೆ ಜೋಡಿಸಬಹುದು. ತಮ್ಮನ ಮಗಳು, ಅಕ್ಕನ ಸೋದರಸೊಸೆ, ಅವಳೂ ರಜೆ ಹಾಕಿ ಬಂದಿದ್ದಳು. ತಪಾಸಣೆಯವರು ಸಾಲು ಸಾಲು ರಿವೆಟ್ಟಿನ ಮೇಲೆ ಬೆರಳಾಡಿಸಿ, ತಲೆದೂಗಿ, ಕೊಕ್ಕೆಯಿಂದ ಇಳಿಸಲು ಕೈ ಚಾಚಿದರು.

"ಅಲ್ಲೇ ನೋಡಿ ಸರ್, ಇಳಿಸೋದು ಯಾಕೆ, ಭಾರ," ಎಂದ ತಮ್ಮ. ಒಂದು ಮಗುವಿನಷ್ಟೂ ಭಾರವಿರಲಿಲ್ಲ ಅದು.

"ಯಾರು ಹೊಡೆದಿದ್ದು? ಚೆನ್ನಾಗಿದೆ ಕೆಲಸ," ಎಂದು ಅವರು ಪೆನ್ನು ತೆಗೆದರು.

"ನಮ್ಮತ್ತೆ ಕೈ ಸರ್," ಎಂದಳು ಸೊಸೆ ಹೆಮ್ಮೆಯಿಂದ. "ಅತ್ತೆ ಹೊಲಿದಿದ್ದು ಇವತ್ತಿನವರೆಗೂ ಬಿಚ್ಚಿಲ್ಲ. ಇದ್ರಲ್ಲಿ ನಾನು ಕಣ್ಮುಚ್ಚಿ ಕೂರ್ತೀನಿ."

ಅಕ್ಕ ಪೆನ್ನಿಗೆ ಕೈ ಅಡ್ಡ ಹಿಡಿದಳು. "ಬಿಚ್ಚಬೇಕು," ಎಂದಳು.

"ಏನಂದೆ ಅತ್ತೆ?"

"ಬಿಚ್ಚಬೇಕು ಕಣೆ. ಒಳಗೊಂದು ರಿವೆಟ್ಟಿದೆ. ನನ್ನ ಬಾಯಿಂದ ಬಿದ್ದಿದ್ದು. ಬುಧವಾರದಿಂದ ಗೊತ್ತು, ಹೇಳ್ಲಿಲ್ಲ." ಹೇಳುತ್ತ ಅತ್ತೇಬಿಟ್ಟಳು. ತಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ.

ತಮ್ಮ ಬೈಯಲಿಲ್ಲ. ಅದೇ ಅವಳಿಗೆ ವಿಚಿತ್ರವೆನಿಸಿತು. ತಪಾಸಣೆಯವರು ಪೆನ್ನಿಗೆ ಮುಚ್ಚಳ ಹಾಕಿ, ಸ್ಟೂಲೆಳೆದು ಕೂತು, "ಬಿಚ್ಚಿ, ನಾನು ಕಾಯ್ತೀನಿ" ಎಂದರು. ತುದಿಯ ಇಪ್ಪತ್ತಾರು ರಿವೆಟ್ಟುಗಳನ್ನು ತಮ್ಮ ಒಂದೊಂದಾಗಿ ಕೊರೆದು ತೆಗೆದ. ತುಂಡುಗಳು ಒಳಗೆ ಬೀಳದ ಹಾಗೆ ಅಕ್ಕ ಒಂದೊಂದನ್ನೂ ಹಿಡಿದು ತಟ್ಟೆಗೆ ಹಾಕಿದಳು. ಪಕ್ಕೆಲುಬು ಬಿಟ್ಟುಕೊಂಡ ಮೇಲೆ ಸೊಸೆ ಬಾಲವನ್ನು ಎತ್ತಿ ವಾಲಿಸಿದಳು. ಮೇಜಿನ ಮೇಲೆ ಹಾಸಿದ ಬಟ್ಟೆಗೆ ರಿವೆಟ್ಟು ಬಿತ್ತು. ಅದರ ಹಿಂದೆ ಇನ್ನೊಂದು ಬಿತ್ತು.

ತಪಾಸಣೆಯವರು ಎರಡನೆಯದನ್ನು ಟಾರ್ಚಿನ ಬೆಳಕಿಗೆ ಹಿಡಿದರು. "ಇದಕ್ಕೆ ತಲೆ ಇಲ್ಲ. ಯಾರೋ ಕೊರೆದು ತೆಗೆದಿದಾರೆ."

"ಇದ್ಯಾರದು?" ಎಂದಳು ಸೊಸೆ.

ಅಕ್ಕನಿಗೆ ಆಗ ಬುಧವಾರದ ಕೆಮ್ಮು ನೆನಪಾಯಿತು, ಆಮೇಲೆ ರೇಡಿಯೋ, ಆಮೇಲೆ ಒಣಗದ ಬಣ್ಣ. ಮೈಯೆಲ್ಲ ಉರಿಯಿತು.

"ನಂದು," ಎಂದ ತಮ್ಮ ನೆಲ ನೋಡುತ್ತ. "ಮಧ್ಯದ ಸಾಲಲ್ಲಿ ಒಂದು ವಾಲಿದೆ ಅಂತ ಅಕ್ಕ ಹೇಳಿದ್ಲು. ಸರಿಯಾಗೇ ಇದೆ ಅಂತ ಬಾಯಿ ಮುಚ್ಚಿಸಿದ್ದೆ. ಸೋಮವಾರ ಅವಳು ಮನೆಗೆ ಹೋದ್ಮೇಲೆ ನಾನೊಬ್ನೇ ಕೊರೆದು, ಹೊರಗಿನಿಂದ್ಲೇ ಕೂರೋ ಬೇರೆ ಥರದ್ದು ಹಾಕ್ದೆ. ತುಂಡು ಒಳಗೆ ಹೋಯ್ತು. ಮತ್ತೆ ಬಿಚ್ಚಿದ್ರೆ ಮತ್ತೆ ಕೆಡುತ್ತೆ ಅನ್ನೋ ಭಯ. ಸುಮ್ನಾದೆ."

"ನಿನ್ನ ಮಗಳು ಕಣೋ ಕೂರೋದು!" ಎಂದು ಅಕ್ಕ ಕಿರುಚಿದಳು. ತನಗೂ ಆ ಮಾತು ಅಷ್ಟೇ ತಗುಲುತ್ತದೆಂದು ಮರುಗಳಿಗೆಯೇ ಹೊಳೆಯಿತು.

ಸೊಸೆ ರಿವೆಟ್ಟು, ತುಂಡು ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಎರಡನ್ನೂ ಜೇಬಿಗೆ ಹಾಕಿಕೊಂಡು, "ಅತ್ತೆ, ನೀನು ಇನ್ಮೇಲೆ ರಿವೆಟ್ಟು ಬಾಯಲ್ಲಿ ಇಟ್ಕೋಬೇಡ. ಅಪ್ಪ, ನೀನು ಮಾತು ಬಾಯಲ್ಲಿ ಇಟ್ಕೋಬೇಡ. ಹೊಡೀರಿ, ನಾನು ಎಣಿಸ್ತೀನಿ" ಎಂದಳು.

ಅಕ್ಕ ಇಪ್ಪತ್ತಾರು ಹೊಸ ರಿವೆಟ್ಟುಗಳನ್ನು ತಟ್ಟೆಗೆ ಎಣಿಸಿಟ್ಟಳು. ತಮ್ಮ ಗನ್ ಒತ್ತಿದ, ಅಕ್ಕ ಗಟ್ಟಿ ಹಿಡಿದಳು, ಸೊಸೆ ಜೋರಾಗಿ ಒಂದು ಎಂದಳು. ತಪಾಸಣೆಯವರು ಸ್ಟೂಲಿನ ಮೇಲೆ ತೂಕಡಿಸಿದರು. ಇಪ್ಪತ್ತಾರು ಎಂದಾಗ ತಟ್ಟೆ ಖಾಲಿಯಾಗಿತ್ತು. ತಮ್ಮ ರೇಡಿಯೋ ಆರಿಸಿ, ಬಾಲವನ್ನು ಎರಡೂ ಕೈಯಲ್ಲಿ ಕಿವಿಯ ಹತ್ತಿರಕ್ಕೆ ಎತ್ತಿ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಸಿದ. ಎಲ್ಲರೂ ಕಿವಿಗೊಟ್ಟು ನಿಂತರು.

ಈ ಸಲ ಅವನು ಕೆಮ್ಮಲಿಲ್ಲ.