ಮೀಟರಿನಿಂದಾಚೆ

ಮದುವೆಮನೆಯ ಮೈಕು ಹಾಡಿನ ನಡುವೆಯೇ ನಿಂತುಬಿಟ್ಟಿತು, ಕರೆಂಟ್ ಹೋಯಿತು ಅಂದುಕೊಂಡೆ, ಆದರೆ ಈ ಟೀ ಅಂಗಡಿಯ ಫ್ಯಾನ್ ತಿರುಗುತ್ತಲೇ ಇದೆಯಲ್ಲ, ಹೋಗಿದ್ದು ದೊಡ್ಡರಂಗಪ್ಪನ ಮನೆಗೆ ಮಾತ್ರ — ಬೆಳಿಗ್ಗೆಯಷ್ಟೇ ಶಿರಾದಿಂದ ಹುಲಿಕುಂಟೆಗೆ ಬಂದು ಆ ಚಪ್ಪರಕ್ಕೆ ಲೈಟು ಕಟ್ಟಿದವನು ನಾನು, ನನ್ನ ಕೆಲಸವೇ ಕೆಟ್ಟಿತೇ, ಇಲ್ಲ, ಅಗೋ ಮನೆಯೆದುರಿನ ಕಂಬಕ್ಕೆ ಏಣಿ ಒರಗಿದೆ, ಲೈನ್‌ಮನ್ ಪ್ರಸನ್ನಕುಮಾರ್ ಮೇಲಿದ್ದಾನೆ, ಆ ಮನೆಗೆ ಹೋಗುವ ವೈರಿನ ತುದಿ ಸುಟ್ಟಿರಬೇಕು, ಕಂಬದಿಂದ ಬಿಚ್ಚಿಕೊಂಡು ಹಲ್ಲಿನಲ್ಲಿ ಕಚ್ಚಿ ಸುಲಿಯುತ್ತಿದ್ದಾನೆ, ಸೊಂಟದಲ್ಲಿ ಕಟಿಂಗ್ ಪ್ಲೇಯರ್ ಇದ್ದರೂ ಇವನಿಗೆ ಹಲ್ಲೇ ಬೇಕು, ಬಿಚ್ಚಿದ ವೈರಿನಲ್ಲಿ ಏನಿರುತ್ತದೆ, ಏನೂ ಇರುವುದಿಲ್ಲ, ಸತ್ತ ವೈರು — ಯಾ ಅಲ್ಲಾಹ್, ಜನರೇಟರ್.

ಜನರೇಟರ್ ಇಟ್ಟವನೂ ನಾನೇ, ಲೈನನ್ನೂ ಜನರೇಟರನ್ನೂ ಬೇರೆ ಇಡುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ ಎಂದರೆ ಒಂದು ದಿನದ ಮದುವೆಗೆ ಅದೆಲ್ಲ ಯಾಕ್ಲಾ ಎಂದರು ಮನೆಯವರು, ಸರಿ ಬಿಡಿ ಎಂದು ಎರಡೂ ತುದಿಗೆ ಪ್ಲಗ್ ಇರುವ ವೈರು ಕೊಟ್ಟೆ, ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ, ಈ ಕಡೆ ಎಲ್ಲರೂ ಮಾಡುವುದೇ ಹಾಗೆ, ಆದರೆ ಮೊದಲು ಮೇನ್ ಸ್ವಿಚ್ ಇಳಿಸಬೇಕು, ಇಳಿಸದಿದ್ದರೆ ಜನರೇಟರಿನ ಕರೆಂಟು ಲೈನ್ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ದೊಡ್ಡರಂಗಪ್ಪನ ಮಗ ಅಂಬರೀಶನಿಗೆ ತೋರಿಸಿ ಹೇಳಿದ್ದೇನೆ, ಅವನಿಗೆ ಗೊತ್ತು, ಫೋನು ಎತ್ತಪ್ಪ, ಎತ್ತು — ಮುಸವೀರಣ್ಣ, ನಾನು ಬೀಗರನ್ನ ಕರ್ಕೊಂಡು ಬರಕ್ಕೆ ಬಸ್‌ಸ್ಟ್ಯಾಂಡಿಗೆ ಬಂದ್ಬುಟ್ಟಿದೀನಿ, ಜನರೇಟರ್ ಅಪ್ಪ ಹಾಕ್ತದೆ ಬುಡಣ್ಣ, ಹಗ್ಗ ಎಳಿಯದು ತಾನೆ — ಮೇನ್ ಇಳಿಸೋದು ಹೇಳಿದ್ಯೇನೋ — ಅಯ್ಯೋ, ಮರ್ತೆ ಕಣಣ್ಣ, ಅಪ್ಪನ ಫೋನೂ ನನ್ನತ್ರನೇ ಐತೆ.

ಓಡು, ಚಪ್ಪಲಿ ಹೋದರೆ ಹೋಗಲಿ, ಗ್ಲಾಸ್ ಎಲ್ಲಿ ಬಿತ್ತೋ, ಪ್ರಸನ್ನನ ಫೋನು ಅವನ ಬೈಕಿನಲ್ಲಿ ರಿಂಗಾಗುತ್ತಿರುವುದು ಇಲ್ಲಿಗೇ ಕೇಳುತ್ತಿದೆ, ಎಷ್ಟು ಸಲ ಬೈದಿದ್ದಾನೆ, ಮೀಟರ್‌ಗಂಟ ನಮ್ದು, ಮೀಟರ್ ಒಳಗೆ ಲೈಸೆನ್ಸ್ ಇರೋರ್ದು, ನಿಂದೇನ್ಲಾ ಇಲ್ಲಿ, ಬಲ್ಬ್ ಹಾಕ್ಕೊಂಡು ಸುಮ್ಕಿರು — ಲೈಸೆನ್ಸ್ ಅಂತೆ, ಲೈಸೆನ್ಸ್ ಇರುವ ಕಂಟ್ರಾಕ್ಟರ್ ತುಮಕೂರಿನಲ್ಲಿ ಕೂತಿದ್ದಾನೆ, ನಾನು ವೈರಿಂಗ್ ಮಾಡಿದ ಮನೆಗಳಿಗೆಲ್ಲ ಅವನ ಸಹಿ, ಒಂದು ಮನೆಯ ಬಾಗಿಲನ್ನೂ ಅವನು ನೋಡಿಲ್ಲ, ನಾನು ಪರೀಕ್ಷೆ ಕಟ್ಟಿ ಪಾಸಾಗುವ ಹೊತ್ತಿಗೆ ಊರೆಲ್ಲ ಕತ್ತಲಲ್ಲಿರುತ್ತಿತ್ತು ಎಂದು ಪ್ರಸನ್ನನೆದುರೇ ನಕ್ಕಿದ್ದೆ, ಅವನೂ ನಕ್ಕಿದ್ದ, ಬಾಯಲ್ಲಿ ವೈರು ಇಟ್ಟುಕೊಂಡೇ ನಕ್ಕಿದ್ದ, ಆ ಹಲ್ಲು, ಆ ತಾಮ್ರ, ಎಂಜಲಿನಿಂದ ಒದ್ದೆಯಾದ ತಾಮ್ರ — ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಮಾಡಿದವನು ನಾನು, ಉಣ್ಣುವವನು ಕಂಬದ ಮೇಲಿದ್ದಾನೆ.

ಡುಗ್ ಎಂದು ಒಂದು ಸದ್ದು, ನಿಂತಿತು, ಮನೆಯ ಹಿಂದಿನಿಂದ, ಹಗ್ಗ ಎಳೆದಿದ್ದಾರೆ, ಹತ್ತಿಲ್ಲ, ಹತ್ತದಿರಲಿ, ಪೆಟ್ರೋಲ್ ಕಾಕ್ ತೆಗೆಯುವುದನ್ನು ಮರೆತಿರಲಿ, ಮನೆಗೆ ಓಡಲೇ ಕಂಬಕ್ಕೆ ಓಡಲೇ, ಹಿಂದಿನ ಬಾಗಿಲಿಗೆ ಸುತ್ತಿ ಹೋಗಬೇಕು, ಕಂಬ ಹತ್ತಿರ, ಪ್ರಸನ್ನಾ, ವೈರ್ ಬಿಡೋ, ಬಾಯಿಂದ ಬಿಡೋ, ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಬರುತ್ತಿಲ್ಲ, ಮತ್ತೆ ಡುಗ್, ಎಲೆ ಒರೆಸುತ್ತಿದ್ದ ಹೆಂಗಸರು ನನ್ನನ್ನೇ ನೋಡುತ್ತಿದ್ದಾರೆ, ಯಾರೋ ಒಬ್ಬಳು ಒಳಗಿನಿಂದ, ಇನ್ನೊಂದ್ ಕಿತ ಜೋರಾಗಿ ಎಳಿ ಮಾವ, ಅಂಗೆ ಹತ್ತಕಿಲ್ಲ ಅದು — ಎಳಿಬೇಡ್ರೀ, ಬಂತು, ಈಗ ದನಿ ಬಂತು, ಪ್ರಸನ್ನ ತಿರುಗಿದ, ನನ್ನನ್ನು ನೋಡಿದ, ಏನ್ಲಾ ಎಂಬಂತೆ ಹುಬ್ಬು ಹಾರಿಸಿದ, ಮಾತಾಡಲಾಗುವುದಿಲ್ಲವಲ್ಲ, ನಗುತ್ತಿದ್ದಾನೆ, ಡುಗ್ ಡುಗ್ ಡುಗ್ ಡುಗ್, ವೈರು ಹಲ್ಲಿನಲ್ಲಿದೆ, ನಗುತ್ತಿದ್ದಾನೆ, ವೈರು ಹಲ್ಲಿನಲ್ಲಿ —