ಮೆತ್ತನ್ನ ಜೀವದ ಮಣ್ಣು

ಹನಮಂತವ್ವನ ಕಿವಿ ಚುರುಕು, ಸಿಟ್ಟು ಅದಕ್ಕಿಂತ ಚುರುಕು. ಪೂರ್ತಿ ಮಾತು ಕೇಳುವ ತಾಳ್ಮೆ ಮಾತ್ರ ಇಲ್ಲ. ತವರೂರು ಹುಲಕೋಟಿಯಿಂದ ತಮ್ಮನ ಮಗಳು ಅಂಕಿತಾ ಫೋನ್ ಮಾಡಿದಾಗ ಆಕೆ ಗಂಡನೂರು ಅಡರಕಟ್ಟಿಯ ಹೊಲದಲ್ಲಿದ್ದಳು. ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಕೇಳಿಸಿದ್ದು ಇಷ್ಟು: "ಅತ್ತಿ, ನಾಳಿ ಮುಂಜಾನಿ ಸಾಲ್ಯಾಗ... ಸಂಗಪ್ಪ ಮಾಸ್ತರು... ಮೆತ್ತನ್ನ ಜೀವಾ... ಮಣ್ಣು... ಎಲ್ಲಾರೂ ಬರ್ರಿ."

ಮಣ್ಣಿಗೆ ಬರ್ರಿ ಎಂದರೆ ಆ ಕಡೆ ಯಾರೂ ಗುದ್ದಲಿ ಹಿಡಿದು ಹೋಗುವುದಿಲ್ಲ, ಹಾರ ಹಿಡಿದು ಹೋಗುತ್ತಾರೆ. ಸತ್ತವರನ್ನು ಹೂಳುವುದಕ್ಕೆ ಅಲ್ಲಿರುವ ಹೆಸರೇ ಅದು. ಸಂಗಪ್ಪ ಮಾಸ್ತರು ಹನಮಂತವ್ವನಿಗೆ ಅಕ್ಷರ ಕಲಿಸಿದವರು. ಆಕೆಯಂಥವಳಿಗೂ ಒಂದು ಏಟು ಹಾಕದ ಮೆತ್ತನೆಯ ಜೀವ. ಹೆಣವನ್ನು ಸಾಲೆಯಲ್ಲೇ ದರ್ಶನಕ್ಕೆ ಇಟ್ಟಿದ್ದಾರೆ ಎಂದು ಆಕೆ ತೀರ್ಮಾನಿಸಿದಳು.

ಮರುದಿನ ಬೆಳಿಗ್ಗೆ ಮೈದುನ ಅಂದಪ್ಪ, ನೆರೆಮನೆಯ ಸುಮಿತ್ರವ್ವ, ಇನ್ನೂ ನಾಲ್ಕಾರು ಮಂದಿಯನ್ನು ಉಪವಾಸವೇ ಟಂಟಂ ಆಟೊಗೆ ಹತ್ತಿಸಿದಳು.

"ಒಮ್ಮೆ ಹೊಳ್ಳಿ ಫೋನ್ ಮಾಡಿ ಕೇಳ್ರಿ ವೈನಿ," ಎಂದ ಅಂದಪ್ಪ.

"ಸತ್ತವರ ಊರಿಗಿ ಫೋನ್ ಮಾಡಿ, ಖರೆ ಸತ್ತಾರೇನ್ರಿ ಅಂತ ಕೇಳ್ಲೇನು? ಹತ್ತು ಸುಮ್ನ."

ಸಾಲೆಯ ಗೇಟಿನಿಂದಲೇ ಹನಮಂತವ್ವ ಹಾಡಿಕೊಂಡು ಅಳತೊಡಗಿದಳು. ಬಾಗಿಲಿಗೆ ಸಂಗಪ್ಪ ಮಾಸ್ತರರೇ ಬಂದರು.

"ಬಾರವ್ವಾ ಹನಮಂತವ್ವಾ. ಯಾರು ಹೋದ್ರು?"

ಅಳು ಅರ್ಧಕ್ಕೇ ನಿಂತಿತು.

"ನೀವ ಹೋಗೀರಿ ಅಂತ ಕರಕೊಂಡು ಬಂದಾರ್ರಿ ನಮ್ಮ ವೈನಿ," ಎಂದ ಅಂದಪ್ಪ.

"ನಾ ಇನ್ನೂ ಚಾ ಕುಡದಿಲ್ಲ, ಹೆಂಗ ಹೋಗ್ಲಿ?"

ಎಲ್ಲರೂ ನಕ್ಕರು. ಹನಮಂತವ್ವ ಮಾತ್ರ ನಗಲಿಲ್ಲ. ಈ ಸುದ್ದಿ ಅಡರಕಟ್ಟಿಗೆ ಹೋದರೆ ಮುಗಿಯಿತು. ಇನ್ನು ಆಕೆ ಏನು ಹೇಳಿದರೂ ಜನ ಮೊದಲು ನಗುತ್ತಾರೆ, ಆಮೇಲೆ ಕೇಳುತ್ತಾರೆ. ಒಳಗಿನಿಂದ ಬಂದ ಅಂಕಿತಾಳ ಮೇಲೆ ಎಗರಿದಳು.

"ಏನಂತ ಕರದಿ ನೀ?"

"ನಾ ಕಲಿಯೂ ಹಳೀ ಕಲ್ಲಿನ ಮ್ಯಾಲ ನನ್ನ ಭಾಷಣಾ ಐತಿ ಅತ್ತಿ. ಮಾಸ್ತರು ಇಟ್ಟಾರ. ಮೆತ್ತನ್ನ ಮೈಯಿನ ಜೀವದ ಮ್ಯಾಲ ಮಣ್ಣು ಹೆಂಗ ಕಟ್ಟತೈತಿ ಅಂತ."

"ಅಂದ್ರ ಒಂದು ಜೀವಾ ಸತ್ತೈತಿ?"

"ಸತ್ತೈತಿ."

"ಮಣ್ಣಾಗೇತಿ?"

"ಆಗೇತಿ. ಐವತ್ತು ಕೋಟಿ ವರ್ಷಾ ಆತು."

"ಮತ್ತ ನಾ ಹೇಳಿದ್ದೇನು?" ಹನಮಂತವ್ವ ತನ್ನವರ ಕಡೆ ತಿರುಗಿದಳು. "ಕುಂಡ್ರಿ ಎಲ್ಲಾರೂ."

ಅಂಕಿತಾ ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟಳು. ಪರದೇಶದ ಕಪ್ಪು ಕೆಸರುಗಲ್ಲು, ಅದರೊಳಗೆ ಬೆರಳುದ್ದದ ಹುಳ. ಎಲುಬಿಲ್ಲ, ಚಿಪ್ಪಿಲ್ಲ. ಸಮುದ್ರದ ತಳದಲ್ಲಿ ಕೆಸರು ಜಾರಿ ಬಂದು ಅದನ್ನು ಮುಚ್ಚಿತು. ಕೊಳೆಯುವ ಮೈಮೇಲೆ, ಸುತ್ತಲಿನ ನೀರಿನಲ್ಲಿ ಕರಗಿದ್ದುದೇ ಹಾಲಿನ ಮೇಲೆ ಕೆನೆ ಬಂದಂತೆ ಹೊಸ ಜೇಡಿಮಣ್ಣಾಗಿ ಕಟ್ಟಿತು. ಚರ್ಮದ ಮೇಲೆ ಒಂದು ಬಗೆಯ ಜೇಡಿ, ಕರುಳಿನ ಮೇಲೆ ಇನ್ನೊಂದು ಬಗೆ. ಹುಳ ಹೋಯಿತು, ಅದರ ಆಕಾರ ಜೇಡಿಯಲ್ಲಿ ಉಳಿಯಿತು.

"ಹುಳದ ಮಣ್ಣಿಗಿ ಬಂದ್ರೂ ಮನಿಗಿ ಹೋಗಿ ಜಳಕಾ ಮಾಡ್ಬೇಕೇನವಾ?" ಸುಮಿತ್ರವ್ವ ಪಿಸುಗುಟ್ಟಿದ್ದು ಇಡೀ ಕೋಣೆಗೆ ಕೇಳಿಸಿತು.

"ಜಳಕಾ ಇರ್ಲಿ," ಎಂದ ಹಸಿದ ಅಂದಪ್ಪ. "ಮಣ್ಣಿಗಿ ಐವತ್ತು ಕೋಟಿ ವರ್ಷಾ ತಡಾ ಮಾಡಿ ಬರೋದ ಅಂದ್ರ ಏನ್ರಿ ವೈನಿ? ಬೀಗರು ಏನ ಅಂದಾರು?"

ಹನಮಂತವ್ವನ ಕಿವಿ ಕೆಂಪಾದವು. ಅಷ್ಟರಲ್ಲಿ ಅಂಕಿತಾ ಮುಂದುವರಿಸಿದಳು.

"ಒಂದು ಮಾತು ಇನ್ನೂ ಬಗಿಹರದಿಲ್ಲ. ಆ ಜೇಡಿ ಹುಳಾ ಸತ್ತ ಕೂಡ್ಲೆ ಕಟ್ಟಿತು ಅಂತಾರ ಕೆಲವರು. ಇನ್ನ ಕೆಲವರು, ಎಲ್ಲಾ ಕಲ್ಲಾಗಿ, ನೆಲದಾಳದ ಬಿಸಿಗಿ ಕಾಯ್ದ ಮ್ಯಾಲ, ಕೋಟಿಗಟ್ಟಲೆ ವರ್ಷಾ ತಡಾ ಆಗಿ ಬಂತು ಅಂತಾರ."

ಹನಮಂತವ್ವ ಎದ್ದು ನಿಂತಳು.

"ಕೇಳಿದಿ ಅಂದಪ್ಪಾ? ಹುಳದ ಮಣ್ಣಿಗಿ ಆ ಜೇಡಿಮಣ್ಣ ತಡಾ ಮಾಡಿ ಬಂದೈತಿ. ನನಗೇನ ಕೇಳ್ತಿ?"

ಸಂಗಪ್ಪ ಮಾಸ್ತರು ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಂದಪ್ಪ ತಲೆ ತಗ್ಗಿಸಿದ. ಹನಮಂತವ್ವ ಸೆರಗು ಸರಿಮಾಡಿಕೊಂಡು ಕುಳಿತಳು.

"ನೀ ಮುಂದ ಹೇಳವಾ," ಎಂದಳು ಅಂಕಿತಾಳಿಗೆ. "ಹೇಳಾಕ ಬಂದವರ ನಡುವ ಬಾಯಿ ಹಾಕಬಾರ್ದು."