ಮೊಮ್ಮಗಳು ತಿನ್ನಬಹುದಾದ ಹುಲ್ಲು

ನಮ್ಮನೆಯವರಿಗೆ ಮನೆ ಮುಂದಿನ ಹುಲ್ಲುಹಾಸೆಂದರೆ ಪ್ರಾಣ. ಕೈತೋಟದ ಸಂಘದಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದರು: "ಒಂದು ತೊಟ್ಟು ವಿಷ ಮುಟ್ಟಿಸಿಲ್ಲ. ನನ್ನ ಮೊಮ್ಮಗಳು ಈ ಹುಲ್ಲನ್ನ ಕಿತ್ತು ತಿಂದ್ರೂ ಏನೂ ಆಗಲ್ಲ." ಇನ್ನೂ ಅಂಬೆಗಾಲಿಡುವ ಕೂಸಿಗೆ ಮೇವು ಗೊತ್ತುಮಾಡಿದ ಈ ಅಜ್ಜನನ್ನು ಸಂಘದವರು ಅಧ್ಯಕ್ಷರನ್ನಾಗಿ ಮಾಡುವುದರಲ್ಲಿದ್ದರು. ಅದಕ್ಕೂ ಮೊದಲು ಎಲ್ಲರೂ ಬಂದು ಹುಲ್ಲನ್ನು ಕಣ್ಣಾರೆ ನೋಡಬೇಕಿತ್ತು.

ಅದಕ್ಕೆ ಇವರು ಮಾಡಿದ ಆರೈಕೆ ಒಂದೆರಡಲ್ಲ. ಬೆಳ್ಳುಳ್ಳಿ ಅರೆದರು, ಮೆಣಸಿನಕಾಯಿ ಕುದಿಸಿದರು, ಬೇವಿನೆಣ್ಣೆಗೆ ಸೋಪು ಕದಡಿದರು. ಎಲ್ಲವೂ ನನ್ನ ಮಿಕ್ಸಿಯಲ್ಲಿ, ನನ್ನ ಪಾತ್ರೆಯಲ್ಲಿ. ಹುಳಗಳನ್ನು ನಿಜಕ್ಕೂ ತಿನ್ನುತ್ತಿದ್ದದ್ದು ಮಾತ್ರ ಹಕ್ಕಿಗಳು. ಬೆಳಿಗ್ಗೆ ಬಂದು ಮಣ್ಣು ಕೆದಕಿ, ಬೇರು ಕಡಿಯುವ ದಪ್ಪ ಬಿಳಿ ಹುಳಗಳನ್ನು ಹೆಕ್ಕಿಕೊಂಡು ಹೋಗುತ್ತಿದ್ದವು. ಕೆದಕಿದಲ್ಲಿ ಸಣ್ಣ ತೂತು ಉಳಿಯುತ್ತಿತ್ತು. ಆ ತೂತು ಇವರ ಕಣ್ಣು ಚುಚ್ಚಿತು. ಹೊಳೆಯುವ ಪಟ್ಟಿ ಕಟ್ಟಿದರು, ಡಬ್ಬ ಬಡಿದರು, ಹಕ್ಕಿಗಳನ್ನು ಓಡಿಸಿಯೇ ಬಿಟ್ಟರು.

"ಅವು ಹುಳ ತಿನ್ನೋಕೆ ತಾನೇ ಬರೋದು?" ಎಂದೆ.

"ನಿಂಗಿದೆಲ್ಲ ಗೊತ್ತಾಗಲ್ಲ, ಸುಮ್ನಿರು. ತೂತು ನೋಡಿದ್ರೆ ಜನ ಏನಂದ್ಕೋತಾರೆ?"

ಪ್ರಕೃತಿಯ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯುವ ಮಹಾನುಭಾವರು. ಅದೇ ಪ್ರಕೃತಿ ಅಂಗಳಕ್ಕೆ ಬಂದರೆ ಡಬ್ಬ ಬಡಿಯುತ್ತಾರೆ.

ಹುಳಗಳಿಗೆ ಸುಗ್ಗಿಯೋ ಸುಗ್ಗಿ. ಸಂಘದವರು ಬರುವ ವಾರಕ್ಕೆ ಸರಿಯಾಗಿ ಹುಲ್ಲು ಅಲ್ಲಲ್ಲಿ ಹಳದಿಯಾಗಿ, ಎಳೆದರೆ ಚಾಪೆಯಂತೆ ಸುತ್ತಿಕೊಂಡು ಬರತೊಡಗಿತು. ಇವರು ಇಂಗು ತಿಂದ ಮಂಗನಂತಾದರು. ಹಿತ್ತಿಲ ಹುಲ್ಲು ಕಿತ್ತು ತಂದು ತೇಪೆ ಹಾಕಿದರು. ಸಂಘದವರು ಬರುವ ದಿನ ಬೆಳಿಗ್ಗೆ ಹುಲ್ಲೆಲ್ಲ ಒದ್ದೆಯಾಗಿತ್ತು, ಘಾಟು ಬೇರೆ. ಕೇಳಿದರೆ "ಬೇವಿನ ನೀರು" ಎಂದರು. ನಂಬಿದೆ. ನಮ್ಮ ಮನೆಯಲ್ಲಿ ಘಾಟು ಹೊಸದೇನಲ್ಲ.

ಬಂದವರೆಲ್ಲ ಹಾಡಿ ಹೊಗಳಿದರು. ಒಬ್ಬಾಕೆ ಫೋನು ಎತ್ತಿ, "ಮಗೂನ ಹುಲ್ಲಿನ ಮೇಲೆ ಬಿಡಿ, ಒಂದು ಫೋಟೋ ತೆಗೀತೀನಿ" ಎಂದಳು. ಕಂಕುಳಲ್ಲಿದ್ದ ಮೊಮ್ಮಗಳನ್ನು ಹುಲ್ಲಿನ ಮೇಲೆ ಕೂರಿಸಿದೆ. ಮಗು ಒಂದು ಮುಷ್ಟಿ ಹುಲ್ಲು ಕಿತ್ತು ಬಾಯಿಯತ್ತ ಒಯ್ದಿತು. ನೋಡಿ ನಗಲಿ ಎಂದು ಇವರತ್ತ ತಿರುಗಿದೆ.

ಇವರ ಮುಖ ಬಿಳಿಚಿಕೊಂಡಿತ್ತು. ಮಗುವನ್ನು ನೋಡಿದರು. ಆಮೇಲೆ ಸಂಘದವರ ಮುಖಗಳನ್ನು ನೋಡಿದರು, ಒಬ್ಬೊಬ್ಬರದನ್ನೂ. ಮತ್ತೆ ಮಗುವನ್ನು ನೋಡಿದರು. ಆಮೇಲೆ ಕೂಗಿದರು.

"ಅಯ್ಯೋ, ಕಿತ್ಕೊಳೇ! ವಿಷ ಹೊಡ್ದಿದೀನಿ!"

ಮುಷ್ಟಿ ಬಿಡಿಸಿದೆ. ಬಾಯಿಗೆ ಬೆರಳು ಹಾಕಿ ನೋಡಿದೆ, ಏನೂ ಇರಲಿಲ್ಲ. ಒಳಗೆ ಒಯ್ದು, ನಲ್ಲಿಯ ಕೆಳಗೆ ಹಿಡಿದು ಅದರ ಕೈಕಾಲು ತೊಳೆದೆ. ಸಂಘದವರು ಇವರಿಗೆ ಛೀಮಾರಿ ಹಾಕಿ ಹೋಗಿರುತ್ತಾರೆ ಎಂದುಕೊಂಡು ಹೊರಗೆ ಬಂದೆ.

"ಅಧ್ಯಕ್ಷಗಿರಿ ಹೋದ್ರೆ ಹೋಗ್ಲಿ ಅಂತ ಮೊಮ್ಮಗಳಿಗೋಸ್ಕರ ನಿಜ ಹೇಳ್ಬಿಟ್ರಲ್ಲ! ಎಂಥ ದೊಡ್ಡ ಮನಸ್ಸು!" ಎಂದು ಫೋಟೋ ತೆಗೆಯಲು ಬಂದಾಕೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಉಳಿದವರು ತಲೆದೂಗುತ್ತಿದ್ದರು. ಇವರೂ ಕಣ್ಣೊರೆಸಿಕೊಂಡರು. ಕೂಗುವ ಮೊದಲು ಇವರು ಯಾರ್ಯಾರ ಮುಖ ನೋಡಿದರೆಂದು ಅಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಅಷ್ಟು ಜನರ ಮುಂದೆ ಮಗುವಿಗಾಗಿ ಎರಡೂ ಕೈ ಚಾಚಿದರು. ನಾನು ಕೊಡಲಿಲ್ಲ.